ಓಬೆಡ್ ತಾತನ ಸಲಾಮು

“ಮೂಸೇ! ಮೂಸು ಅಂದೆ!”

ಇಸ್ತ್ರಿ ಮಾಡಿ ಮಡಿಸಿ ತಂದಿದ್ದ ಅಂಗಿ ಹಲ್ಡಾಳ ಮುಖಕ್ಕೆ ರಪ್ಪನೆ ಬಡಿದು ಅಂಗಳದ ಕೆಸರಿಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡು, ದಣಿ ಹೇಳಿದ ಹಾಗೆಯೇ ಮೂಸಿದಳು.

“ಕಪ್ಪೆ ವಾಸ್ನೆ, ದಣಿ.”

“ನನ್ನ ಅಂಗೀಲಿ ಕಪ್ಪೆ ವಾಸನೆ ಯಾಕೆ ಬಂತೇ, ದರಿದ್ರದವಳೇ?”

“ಹೊಂಡದ ನೀರಲ್ಲಿ ಕಪ್ಪೆ ಅವೆ, ದಣಿ. ಬುಗ್ಗೆ ಗೇಟಿಗೆ ನೀವು ಬೀಗ ಜಡಿದ್ರಲ್ಲ.”

ಥರ್ಲೋ ಸಾಹೇಬನಿಗೆ ಮಾರ್ಲ್‌ಸ್ಟೆಡ್ ಹಳ್ಳಿಯ ಮುಕ್ಕಾಲು ಹೊಲ ಸೇರಿತ್ತು. ಕೂಲಿಯವರ ಗುಡಿಸಿಲುಗಳೂ ಅವನವೇ. ಊರಿಗೆಲ್ಲ ಒಂದೇ ಒಂದು ಒಳ್ಳೆಯ ನೀರಿನ ಬುಗ್ಗೆ. ಹೋದ ಬೇಸಿಗೆಯಲ್ಲಿ ಅದಕ್ಕೂ ಬೀಗ ಹಾಕಿ, ತನ್ನ ಕುದುರೆಗಳಿಗೆ ಮೀಸಲಿಟ್ಟಿದ್ದ. ಹೊಂಡದ ನೀರು ಕುಡಿದು ಸುಗ್ಗಿಯೊಳಗೆ ಮೂರು ಕೂಸು ಹೋದವು. ಅವುಗಳಲ್ಲೊಂದು ಓಬೆಡ್ ತಾತನ ಮೊಮ್ಮಗಳು.

“ಕುದುರೆ ಸತ್ರೆ ನಾನು ಇನ್ನೊಂದು ಕೊಳ್ಳಬೇಕು,” ಎಂದ ಥರ್ಲೋ. “ನೀನು ಸತ್ರೆ ಪಾದ್ರಿ ಪುಕ್ಕಟೆ ಹೂಳ್ತಾನೆ. ತಗೊಂಡು ಹೋಗಿ ಇನ್ನೊಂದು ಸಲ ಒಗಿ. ಮೊಣಕಾಲು ಬಗ್ಗಿಸೋದು ಮರೆತುಹೋಯ್ತೇನು?”

ಹಲ್ಡಾ ಮೊಣಕಾಲು ಬಗ್ಗಿಸಿದಳು. ಬಗ್ಗಿಸಿದಾಗ ಅವು ಕಟಕಟ ಅಂದವು. ಗಂಡ ಸತ್ತು ಹನ್ನೆರಡು ವರ್ಷದಿಂದ ಊರವರ ಕೊಳೆ ತಿಕ್ಕಿ ಬದುಕಿದ ಮಂಡಿಗಳು, ಅಷ್ಟಾದರೂ ಮಾತಾಡದೆ ಇದ್ದಾವೆಯೇ?

ಅಲ್ಲಿಂದ ನೆಟ್ಟಗೆ ಜೋಡು ಹೊಲಿಯುವ ಕ್ಯಾಚ್‌ಪೋಲನ ಅಂಗಡಿಗೆ ಹೋದಳು. ಊರಿನ ಬಡವರಲ್ಲಿ ಥರ್ಲೋನ ಸೂರಿನಡಿ ಇಲ್ಲದ ಗಂಡಸರು ಇಬ್ಬರೇ. ಒಬ್ಬ ಈ ಕ್ಯಾಚ್‌ಪೋಲ್, ಇನ್ನೊಬ್ಬ ಕುರುಚಲು ಬಯಲಿನಲ್ಲಿ ತಾನೇ ಕಟ್ಟಿಕೊಂಡ ಗುಡಿಸಿಲಿನ ಓಬೆಡ್ ತಾತ. ತಾತ ಅಂಗಡಿಯಲ್ಲೇ ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದ. ಕ್ಯಾಚ್‌ಪೋಲ್ ಮೂಗಿನ ತುದಿಗೆ ಕನ್ನಡಕ ಸಿಕ್ಕಿಸಿಕೊಂಡು, ಪಾರ್ಲಿಮೆಂಟಿನವರು ಆ ವರ್ಷ, ಸಾವಿರದ ಎಂಟುನೂರ ತೊಂಬತ್ತನಾಲ್ಕರಲ್ಲಿ ಮಾಡಿದ ಹೊಸ ಕಾನೂನಿನ ಪುಸ್ತಿಕೆ ಓದುತ್ತಿದ್ದ.

“ಕೇಳವ್ವ ಇಲ್ಲಿ. ಊರಿಗೊಂದು ಪ್ಯಾರಿಷ್ ಪಂಚಾಯ್ತಿ. ಐದು ಜನ ಮೆಂಬರು. ಸಂಜೆ ಆರಕ್ಕೆ ಮುಂಚೆ ಸಭೆ ಮಾಡಂಗಿಲ್ಲ, ಕೂಲಿಯೋರೂ ಬರ್ಲಿ ಅಂತ. ಊರೊಳಗಿನ ಬಾವಿ, ಬುಗ್ಗೆ ನೀರನ್ನ ಜನಕ್ಕೆ ಕೊಡಿಸೋ ಅಧಿಕಾರ ಪಂಚಾಯ್ತಿಗೆ.”

“ಬುಗ್ಗೆ ಅಂತ ಬರೆದದಾ? ಬೆರಳಿಟ್ಟು ತೋರ್ಸು.”

ಅವನು ತೋರಿಸಿದ. ಓದಲು ಬಾರದಿದ್ದರೂ ಹಲ್ಡಾ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

“ಮೆಂಬರಾಗಾಕೆ ಏನು ಮಾಡ್ಬೇಕು?”

“ಇಬ್ಬರು ಓಟುದಾರರು ಚೀಟೀಲಿ ಸೂಚಿಸ್ಬೇಕು. ಅಧ್ಯಕ್ಷ ಕೂತ ಕಾಲು ಗಂಟೆಯೊಳಗೆ ಚೀಟಿ ಕೊಡ್ಬೇಕು. ಆಮೇಲೆ ಜನ ಕೈ ಎತ್ಬೇಕು.”

“ಹೆಂಗಸಾದ್ರೆ?”

“ಹೆಂಗಸಿಗೂ ಆಯ್ತದೆ.”

“ಬಟ್ಟೆ ಒಗೆಯೋಳಾದ್ರೆ?”

“ಬಟ್ಟೆ ಒಗೆಯೋರು ಬ್ಯಾಡ ಅಂತ ಎಲ್ಲೂ ಬರೆದಿಲ್ಲ ಕಣವ್ವ!”

ಓಬೆಡ್ ತಾತ ಬಿದ್ದೂ ಬಿದ್ದೂ ನಕ್ಕು, ಕೆಮ್ಮಿ, ಉಗುಳಿ, ಚೀಟಿಯ ಮೇಲೆ ತನ್ನ ಹೆಸರನ್ನು ಸೊಟ್ಟಗೆ ಗೀಚಿದ. ಅದರ ಕೆಳಗೆ ಕ್ಯಾಚ್‌ಪೋಲ್ ರುಜು ಹಾಕಿದ.

ಚೀಟಿಯೇನೋ ಆಯಿತು, ಕೈ ಎತ್ತುವವರು ಯಾರು? ಥರ್ಲೋನ ಎದುರಿಗೆ ಮೊದಲು ಕೈ ಎತ್ತಿದವನ ಮನೆ ಮೊದಲು ಖಾಲಿ. ಹೊಲದ ಬದುವಿನಲ್ಲಿ ಕೂತು ಬ್ರೆಡ್ಡು ಈರುಳ್ಳಿ ಕಡಿಯುತ್ತ ಕೂಲಿಯವರು ಎರಡು ದಿನ ಇದನ್ನೇ ಜಗ್ಗಾಡಿದರು. ಕೊನೆಗೆ ಹಲ್ಡಾಳೇ ದಾರಿ ತೋರಿಸಿದಳು.

“ತಾತನ ಗುಡಿಸ್ಲು ತಾತಂದೇ. ತಾತ ಮೊದ್ಲು ಎತ್ಲಿ. ಅವನ ಕೈ ಮೇಲೆ ಹೋಯ್ತಿದ್ದಂಗೆ ಎಲ್ಲರ ಕೈಯೂ ಹೋಗ್ಲಿ. ಒಬ್ಬನ್ನ ಓಡಿಸ್ಬೋದು, ನಲವತ್ತು ಜನರನ್ನ ಓಡಿಸಿ ಆ ಬೋಳಿಮಗ ತಾನೇ ಹಾಲು ಕರೀತಾನಾ?”

ಸಭೆ ಶಾಲೆಯ ಕೋಣೆಯಲ್ಲಿ. ಒಲೆಯ ಪಕ್ಕದ ಕುರ್ಚಿಗಳು ದೊಡ್ಡವರಿಗೆ, ಮಕ್ಕಳ ಗಿಡ್ಡ ಬೆಂಚುಗಳು ಕೂಲಿಯವರಿಗೆ. ಗಲ್ಲಕ್ಕೆ ಮಂಡಿ ತಾಗಿಸಿಕೊಂಡು ಕೂತಿದ್ದರು. ಯಾರು ಏನು ಹೇಳುತ್ತಿದ್ದಾರೆಂಬುದು ಒಬ್ಬರ ಕಿವಿಗೂ ಬೀಳುತ್ತಿರಲಿಲ್ಲ. ಎಲ್ಲರ ಕಣ್ಣೂ ಮುಂದಿನ ಬೆಂಚಿನ ತುದಿಯಲ್ಲಿದ್ದ ಓಬೆಡ್ ತಾತನ ಬಲಗೈ ಮೇಲೆ.

ಪಾದ್ರಿಗಳು ಎದ್ದು, ಮೊದಲು ಸಭೆಗೊಬ್ಬ ಅಧ್ಯಕ್ಷ ಬೇಕು, ಆ ಭಾರ ಹೊರಲು ತಾವು ಸಿದ್ಧ ಎಂದರು.

“ಕ್ಯಾಚ್‌ಪೋಲ್ ಆಗ್ಲಿ!” ಹಿಂದಿನಿಂದ ಹಲ್ಡಾ ಕೂಗಿದಳು.

ಪಾದ್ರಿಗಳಿಗೆ ನಗು ಬಂತು. “ಓಹೋ! ಜೋಡು ಹೊಲಿಯುವವನ ಕೈಕೆಳಗೆ ಕೂರುವ ಆಸೆ ಯಾರಿಗಪ್ಪ? ಇದ್ದರೆ ಕೈ ಎತ್ತಿ, ನಾನೂ ಸ್ವಲ್ಪ ನೋಡುತ್ತೇನೆ.”

ಒಂದು ಕೈಯೂ ಏಳಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ತಡವಾಗಿ ಬರುವುದೇ ದೊಡ್ಡಸ್ತಿಕೆ ಎಂದು ತಿಳಿದಿದ್ದ ಥರ್ಲೋ ಒಳಗೆ ಕಾಲಿಟ್ಟ. ದಣಿಯನ್ನು ಕಂಡರೆ ಗಂಡಸರು ಕೈ ಹಣೆಗೆ ಮುಟ್ಟಿಸಬೇಕು. ಎಪ್ಪತ್ತು ವರ್ಷ ಹಾಗೆ ಮುಟ್ಟಿಸಿದ್ದ ಓಬೆಡ್ ತಾತನ ಬಲಗೈ ಅವನನ್ನು ಕೇಳದೆಯೇ ಮೇಲೆದ್ದು ಹಣೆಗೆ ಹೋಯಿತು.

ಕೋಣೆಯಲ್ಲಿದ್ದ ಕೂಲಿಯವರ ಕೈಗಳೆಲ್ಲ ದಡಬಡ ಮೇಲೆದ್ದವು. ಒಬ್ಬ ಗಡಿಬಿಡಿಯಲ್ಲಿ ಎರಡೂ ಕೈ ಎತ್ತಿಬಿಟ್ಟ.

ಪಾದ್ರಿಗಳ ನಗು ಅರ್ಧಕ್ಕೇ ನಿಂತಿತು. ಥರ್ಲೋ ಬಾಗಿಲಲ್ಲೇ ನಿಂತ, ಇವರೆಲ್ಲ ತನಗೇ ಹೊಸ ನಮೂನೆಯ ಗೌರವ ಕೊಡುತ್ತಿದ್ದಾರೇನೋ ಎಂದು ಕ್ಷಣಕಾಲ ಹಿಗ್ಗಿಯೂ ಹಿಗ್ಗಿದ.

“ಅಯ್ಯೋ, ನಾನು ಸಲಾಮು ಹೊಡ್ದೆ ಕಣ್ರಲಾ!” ತಾತ ಹಿಂದಕ್ಕೆ ತಿರುಗಿ ಪಿಸುಗುಟ್ಟಿದ. “ಇಳಿಸ್ರಲಾ, ಇಳಿಸ್ರೋ!”

“ಇಳಿಸ್ಬ್ಯಾಡಿ!” ಹಲ್ಡಾ ಕಿರುಚಿದಳು. “ಎಣಿಸ್ಕಳ್ಳಿ, ಪಾದ್ರಿಗಳೇ!”

ಎಣಿಸದೆ ವಿಧಿಯಿರಲಿಲ್ಲ. ಜೋಡು ಹೊಲಿಯುವ ಕ್ಯಾಚ್‌ಪೋಲ್ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತ. ಸಿಡಿಲು ಬಡಿಯಲಿಲ್ಲ, ಮಾಡು ಕುಸಿಯಲಿಲ್ಲ. ಗಿಡ್ಡ ಬೆಂಚಿನಲ್ಲಿ ಯಾರೋ ಒಬ್ಬ ಕಿಸಕ್ಕನೆ ನಕ್ಕ, ಪಕ್ಕದವನಿಗೂ ಅಂಟಿತು, ಆಮೇಲೆ ಹಿಡಿಯುವವರೇ ಇಲ್ಲ. ಕೈ ಎತ್ತುವುದು ಇಷ್ಟು ಸುಲಭವೆಂದು ಯಾರಿಗೆ ಗೊತ್ತಿತ್ತು! ಹಲ್ಡಾಳ ಹೆಸರು ಕೂಗಿದಾಗ ತಾತನ ಕೈಗಾಗಿ ಯಾರೂ ಕಾಯಲಿಲ್ಲ. ಕಿಟಕಿ ತೆರೆಯಲೇ ಎಂದು ಕ್ಯಾಚ್‌ಪೋಲ್ ಕೇಳಿದರೆ ಅದಕ್ಕೂ ನಲವತ್ತು ಕೈ ಎದ್ದವು. ಹಲ್ಡಾಳಿಗೆ ಎಲ್ಲರಿಗಿಂತ ಹೆಚ್ಚು ಮತ. ಜೊತೆಗೆ ಕೂಲಿಯವರ ಕಡೆಯ ಮೂವರು. ಐದನೆಯವರಾಗಿ ಪಾದ್ರಿಗಳು ಹೇಗೋ ತೂರಿಕೊಂಡರು. ಥರ್ಲೋ ಹೊರಗುಳಿದ.

“ಇದು ಮೋಸ! ಇನ್ನೊಂದು ದಿನ ಪೆಟ್ಟಿಗೆ ಇಟ್ಟು ಓಟು ಆಗಲಿ!” ಎಂದು ಅವನು ಗುಡುಗಿದ.

ಕ್ಯಾಚ್‌ಪೋಲ್ ಪುಸ್ತಿಕೆಯ ಹಾಳೆ ತಿರುವಿದ. “ಕೇಳೋ ಹಕ್ಕು ತಮಗೆ ಅದೆ, ಸಾಹೇಬ್ರೇ. ಪೆಟ್ಟಿಗೆ ಓಟು ಗುಟ್ಟಿಂದು. ಯಾರ ಚೀಟಿ ಯಾರೂ ನೋಡಂಗಿಲ್ಲ.”

ಥರ್ಲೋ ಸುತ್ತ ನೋಡಿದ. ಅವನ ಸ್ವಂತ ಕುದುರೆಯಾಳು ಕೊಟ್ಟಿಗೆಯ ವಾಸನೆ ಸಮೇತ ಒಲೆಯ ಹಿಂದೆ ನಿಂತಿದ್ದವನು, ತಟ್ಟನೆ ಮಾಡಿನ ಕಡೆ ನೋಡತೊಡಗಿದ. ಗುಟ್ಟಿನ ಓಟಿನಲ್ಲಿ ಇವನೂ ತನಗೆ ಹಾಕಲಾರನೆಂದು ಸಾಹೇಬನಿಗೆ ಹೊಳೆಯಿತು; ಟೋಪಿ ಹಾಕಿಕೊಂಡು ಹೊರಟುಹೋದ.

ಮಾರನೆಯ ಬೆಳಿಗ್ಗೆ ಅವನ ಮನೆಯ ಬಟ್ಟೆ ಬರುವುದು ನಿಂತಿತು, ಪಾದ್ರಿ ಮನೆಯದೂ ನಿಂತಿತು. ಒಂದು ವಾರದ ಹೊತ್ತಿಗೆ ಅವನ ಆಳುಗಳು ಬಂದು, ಅವನದೇ ಆಗಿದ್ದ ಗುಡಿಸಿಲಿನಿಂದ ಹಲ್ಡಾಳ ಹಂಡೆ, ತೊಟ್ಟಿ, ಮಂಚ, ಗಂಡನ ಹಳೆಯ ಬೂಟು ಎಲ್ಲವನ್ನೂ ಹಿಮದ ಮೇಲೆ ಎಸೆದರು. ಥರ್ಲೋ ಕುದುರೆಯ ಮೇಲೆ ಕೂತು ನೋಡುತ್ತಿದ್ದ.

“ಊರಲ್ಲಿ ಸೂರಿಲ್ಲದವಳು ಅದೆಂಥ ಮೆಂಬರೇ?”

“ಮೂರು ಮೈಲಿ ಒಳಗಿದ್ರೆ ಸಾಕಂತೆ, ದಣಿ. ಬರೆದದೆ.”

“ಚಳೀಲಿ ಸಾಯ್ತೀಯ.”

“ಪಾದ್ರಿ ಪುಕ್ಕಟೆ ಹೂಳ್ತಾರಲ್ಲ, ದಣಿ. ಅವ್ರೂ ಈಗ ನಮ್ ಪಂಚಾಯ್ತಿಯೋರೇ.”

ರಾತ್ರಿ ಓಬೆಡ್ ತಾತನ ಗುಡಿಸಿಲು, ಹಗಲೆಲ್ಲ ರಸ್ತೆಯಂಚು. ಬೀಗ ಹಾಕಿದ ಬುಗ್ಗೆ ಗೇಟಿನ ಎದುರಿಗೇ ಗಾಡಿಯ ಹಳೆಯ ಟಾರ್ಪಾಲು ಕಟ್ಟಿ, ಹಂಡೆಗೆ ಉರಿ ಹಾಕಿ, ಕೂಲಿಯವರ ಬಟ್ಟೆಗಳನ್ನು ಅದೇ ಕಪ್ಪೆ ನೀರಿನಲ್ಲಿ ಒಗೆಯುತ್ತ ಕೂತಳು. ಕೈಗಳು ಒಡೆದು ರಕ್ತ ಜಿನುಗಿದರೂ ನಗು ಮಾತ್ರ ಹೊತ್ತುಗೊತ್ತಿಲ್ಲದೆ ಬಂದುಬಿಡುತ್ತಿತ್ತು. ಗೇಟಿನಾಚೆ ಬುಗ್ಗೆ ಗುಳುಗುಳು ಅನ್ನುತ್ತಿತ್ತು.

ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಮುಂಚೆ ಕ್ಯಾಚ್‌ಪೋಲ್ ಕಾಗದ ಹಿಡಿದು ಬಂದ. ಸಭೆಯ ನೋಟೀಸನ್ನು ಸದಸ್ಯರ ಬಾಗಿಲಿಗೇ ಮುಟ್ಟಿಸಬೇಕಂತೆ. ಬಾಗಿಲು ಕಾಣದೆ ತೊಟ್ಟಿಯ ಮೇಲೆ ಮೂರು ಸಲ ತಟ್ಟಿದ.

“ಒಳಕ್ಕೆ ಬನ್ನಿ, ಅಧ್ಯಕ್ಷರೇ,” ಎಂದಳು ಹಲ್ಡಾ ಗಂಭೀರವಾಗಿ. “ಮೊದಲ್ನೇ ವಿಷ್ಯ ಏನು?”

“ಬುಗ್ಗೆ.”

ಆಗಲೇ ಥರ್ಲೋನ ಕುದುರೆ ತಿರುವಿನಲ್ಲಿ ಬಂತು. ಆಚೆ ಹೊಲದಲ್ಲಿ ಇಪ್ಪತ್ತು ಮೂವತ್ತು ಜನ ಟರ್ನಿಪ್ ಗಡ್ಡೆ ಕೀಳುತ್ತಿದ್ದರು. ಓಬೆಡ್ ತಾತ ಬದುವಿನ ಮೇಲಿದ್ದ. ದಣಿಯನ್ನು ಕಂಡೊಡನೆ ಅವನ ಬಲಗೈ ಎಂದಿನಂತೆ ಹಣೆಗೆ ಹೊರಟಿತು. ಆದರೆ ಹಣೆಯ ಹತ್ತಿರ ನಿಲ್ಲಲಿಲ್ಲ. ಟೋಪಿಯನ್ನೂ ದಾಟಿ ನೆಟ್ಟಗೆ ಮೇಲೆ ಹೋಗಿ ಅಲ್ಲೇ ನಿಂತಿತು. ಅವನ ಹಿಂದೆ ಹೊಲದ ತುಂಬ ಮಣ್ಣು ಮೆತ್ತಿದ ಕೈಗಳು ಎದ್ದವು. ರಸ್ತೆಯಂಚಿನಲ್ಲಿ ಹಲ್ಡಾ ಮಂಡಿ ಬಗ್ಗಿಸಲಿಲ್ಲ. ಸೋಪಿನ ನೊರೆ ಮೊಣಕೈಗೆ ಇಳಿಯುತ್ತಿದ್ದ ಹಾಗೆಯೇ ಅವಳೂ ಎತ್ತಿದಳು.

“ಏನಿದು? ಇಳಿಸ್ರೋ!” ಎಂದು ಥರ್ಲೋ ಕೂಗಿದ.

“ಸಲಾಮು, ದಣಿ,” ಎಂದ ತಾತ.

ಯಾರೂ ಇಳಿಸಲಿಲ್ಲ.