ನಡುನೀರಿಗೊಂದು ದೋಣಿ

ಮೊದಲನೆಯ ದೋಣಿ ಮಗುಚಿಕೊಂಡಾಗ ನಾಗಲಿಂಗಮ್ಮ ಚಪ್ಪಾಳೆ ತಟ್ಟಿ ನಕ್ಕುಬಿಟ್ಟಳು.

"ಇದು ಬ್ಯಾಡ ತಮ್ಮಾ. ಸಂತಿ ಮುಗಿಸಿ ಕುಡದು ಹೊಂಟೋರ ಹಂಗ ಹೊಂಟೈತಿ."

ಕೊಟ್ಟೂರು ಕೆರೆಯ ಮೇಲೆ ಶ್ರಾವಣದ ಗಾಳಿ ಕುಣಿಯುತ್ತಿತ್ತು. ಅಲೆಗಳು ಏರಿಯ ಕಲ್ಲಿಗೆ ಬಡಿದು ನಿಂತವರ ಮೊಣಕಾಲಿಗೆ ಎರಚುತ್ತಿದ್ದವು. ಪ್ರವೀಣಕುಮಾರ್ ಪ್ಯಾಂಟು ಮಡಚಿ ನೀರಿಗಿಳಿದು, ಬೋರಲಾಗಿ ತೇಲುತ್ತಿದ್ದ ನೀಲಿ ದೋಣಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಮೊಳಕ್ಕಿಂತ ಸ್ವಲ್ಪ ಉದ್ದದ್ದು. ಒಳಗೆ ಬ್ಯಾಟರಿ, ಮೋಟರು, ಹಿಂದೆ ಪುಟ್ಟದೊಂದು ಫ್ಯಾನು. ದಂಡೆಯಲ್ಲಿ ನಿಂತವರ ಕೈಯ ರಿಮೋಟಿನಿಂದ ಗಾಳಿಯಲ್ಲೇ ಅದಕ್ಕೆ ಅಪ್ಪಣೆ ಹೋಗುತ್ತಿತ್ತು.

"ಇದರ ತಳ ಚಪ್ಪಟಿ ಅಮ್ಮಾ," ಎಂದು ಅವನು ದೋಣಿಯ ಹೊಟ್ಟೆ ಒರೆಸಿದ. "ಸಮಾ ನೀರಾಗ ಕುದರಿ ಹಂಗ ಓಡತೈತಿ. ಅಲಿ ಬಂದ್ರ ಜಿಗಿತೈತಿ, ಜಿಗದು ಬೀಳತೈತಿ."

"ನಮ್ಮ ಹುಲುಗನ ಹಂಗ."

ಹುಲುಗೇಶ ಆಕಾಶ ನೋಡಿದ. ಅವನು ನಾಗಲಿಂಗಮ್ಮನ ಅಣ್ಣನ ಮಗ, ಮಾಗಳದಲ್ಲಿ ಅವಳ ಮನೆಯಲ್ಲೇ ಉಂಡು ಬೆಳೆದವನು. ಹಡಗಲಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಹಿರೇಹಡಗಲಿಯಲ್ಲಿ ಮೈಕ್ ಸೆಟ್ ಇಟ್ಟಿದ್ದ. ಮೈಕ್ ಸೆಟ್ ಆಯಿತು, ಮಾಲೀಕ ಮಾತ್ರ ಇನ್ನೂ ಸೆಟ್ ಆಗಿಲ್ಲ ಎಂದು ಬೇರೆಯವರು ಅನ್ನುವ ಮೊದಲೇ ತಾನೇ ಅಂದುಕೊಂಡು ತಿರುಗುತ್ತಿದ್ದ. ಬಸ್ ಕಂಡಕ್ಟರನ ಗಂಟಲು, ಈಯಲಿರುವ ಎಮ್ಮೆಯ ನರಳಾಟ, ಹರಿಗೋಲು ತಿರುಗುವಾಗಿನ ಕಿರುಗುಟ್ಟು, ಎಲ್ಲವೂ ಅವನ ಬಾಯಲ್ಲಿದ್ದವು. ಆದರೆ ಅಂಬಿಗರ ಮನೆಯಲ್ಲಿ ಹುಟ್ಟಿಯೂ ಹುಟ್ಟು ಹಿಡಿಯಲಾಗದವನು. ಹರಿಗೋಲಲ್ಲಿ ಕೂತರೆ ವಾಂತಿ ಬರುತ್ತಿತ್ತು. ಹೊಳೆಯ ಕೆಲಸವೊಂದರಲ್ಲಿ ಅತ್ತೆ ಅವನ ಮಾತು ಕೇಳಿ ಮನೆ ಬಿಟ್ಟು ಬಂದದ್ದು ಇದೇ ಮೊದಲು. ಹಾಗಾಗಿ ಬೆಳಗಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ವಿಷಯ ಇಷ್ಟೇ. ಮಾಗಳದಲ್ಲಿ ಹೊಳೆ ತುಂಬಿದ ವರ್ಷ, ಶ್ರಾವಣದ ಒಂದು ಸೋಮವಾರ, ಊರಿನ ಪರವಾಗಿ ಗಂಗವ್ವನಿಗೆ ಉಡಿ ತುಂಬುತ್ತಾರೆ. ದಂಡೆಯಲ್ಲಲ್ಲ, ನಡುನೀರಿನಲ್ಲಿ. ಹರಿಗೋಲಿನ ಮನೆಯ ಹೆಣ್ಣುಮಗಳು ಅಲ್ಲಿಯವರೆಗೆ ಹೋಗಿ ತನ್ನ ಕೈಯಾರೆ ಬಿಡಬೇಕು. ನಾಗಲಿಂಗಮ್ಮನ ಅತ್ತೆ ಬಿಟ್ಟಿದ್ದಳು, ಆ ಅತ್ತೆಯ ಅತ್ತೆಯೂ ಬಿಟ್ಟಿದ್ದಳು. ಉಳಿದ ದಿನ "ಏ ಅಂಬಿಗರ ನಾಗೀ" ಎಂದು ಕೂಗುವವರು ಅವತ್ತೊಂದು ದಿನ ಸಾಲಾಗಿ ನಿಂತು ಅವಳಿಗೆ ಕೈಮುಗಿಯುತ್ತಿದ್ದರು.

ಎರಡು ಸಾವಿರದ ಒಂಬತ್ತರ ಆ ಶ್ರಾವಣದಲ್ಲಿ ಮೇಲಿನಿಂದ ನೀರು ಬಿಟ್ಟು ಹೊಳೆ ಕೆಂಪಗೆ ಉಕ್ಕಿತು. ಹರಿಗೋಲು ಇಳಿಸಕೂಡದೆಂದು ಡಂಗುರವೂ ಆಯಿತು. ಊರ ಹಿರಿಯ ಗಾದೆಪ್ಪ ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳಿದ: "ದಂಡಿಮ್ಯಾಲೆ ನಿಂತು ಬಿಡೋದಾದ್ರ ಅಂಬಿಗರ ಮನಿನೇ ಯಾಕ ಬೇಕು? ಈ ಸಲ ಗೌಡರ ಮನಿ ತಿಪ್ಪೇರುದ್ರಮ್ಮ ಬಿಡ್ಲಿ." ಒಮ್ಮೆ ಆ ಮನೆ ಸೇರಿದ ಮರ್ಯಾದೆ ಮರಳಿ ಹೊಳೆದಂಡೆಗೆ ಇಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹರಿಗೋಲು ಇಲ್ಲದೆ ನಡುನೀರು ಮುಟ್ಟಿಸಿದರೆ ಏನಂತೀರಿ ಎಂದು ನಾಗಲಿಂಗಮ್ಮ ಕೇಳಿದ್ದಳು. "ಮುಟ್ಟಿಸವಾ, ನಿನ್ನ ಕೈಯಿಂದನ ಮುಟ್ಟಿಸು. ನಾ ಯಾಕ ಬ್ಯಾಡ ಅನ್ಲಿ?" ಎಂದು ಗಾದೆಪ್ಪ ಎಲೆಯಡಿಕೆ ತುಂಬಿದ ಬಾಯಲ್ಲೇ ನಕ್ಕಿದ್ದ.

ಆ ನಗೆಯನ್ನು ಹುಲುಗೇಶ ಮನೆಯಲ್ಲಿ ಅದೇ ಗೊರಗೊರ ಸದ್ದಿನೊಂದಿಗೆ ನಕ್ಕು ತೋರಿಸಿದ. ಅತ್ತೆ ನಗಲಿಲ್ಲ. ಆಗ ಅವನಿಗೆ ಪ್ರವೀಣಕುಮಾರ್ ನೆನಪಾದ. ಆಂಪ್ಲಿಫೈಯರಿನ ಸಾಮಾನಿಗೆಂದು ಅವನು ಹೋಗುತ್ತಿದ್ದ ಕೊಟ್ಟೂರಿನ ಅಂಗಡಿಯ ಸಾಹುಕಾರ. ಮುಂದೆ ಮಿಕ್ಸರು, ಫ್ಯಾನು. ಹಿಂದಿನ ಗೋದಾಮಿನಲ್ಲಿ ಬೆಂಗಳೂರಿನಿಂದ ಬಿಡಿಭಾಗ ತರಿಸಿ ತಾನೇ ಕೂಡಿಸಿದ ರಿಮೋಟ್ ದೋಣಿಗಳು. ಊರಿನವರು "ಆಟಿಕಿ ಸಾಹುಕಾರ" ಎನ್ನುತ್ತಿದ್ದರು. ಒಂದು ದೋಣಿ ಬೇಕಿತ್ತು, ಹೊಳೆಗೆ, ಎಂದಾಗ ಅವನು ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಕೌಂಟರ್ ಹಾರಿ ಬಂದಿದ್ದ.

ಎರಡನೆಯದು ಜೋಡಿ ತಳದ ಬಿಳಿ ದೋಣಿ. ಎರಡು ಸೋರೆಬುರುಡೆಗೆ ಒಂದು ಹಲಗೆ ಹೊಡೆದಂತಿತ್ತು.

"ಇದು ಹೊರಳೋದಿಲ್ಲ ಬಿಡ್ರಿ, ಕಾಲು ಅಗಲಿಸಿ ನಿಂತೈತಿ," ಎಂದ ಹುಲುಗೇಶ ಉತ್ಸಾಹದಿಂದ.

ಹೊರಳಲಿಲ್ಲ, ನಿಜ. ಆದರೆ ಮೂರನೆಯ ಅಲೆಗೆ ಮೂತಿಯನ್ನು ನೀರೊಳಗೆ ಊರಿ, ಮೇಲ್ಹಲಗೆಯ ಅಟ್ಟದ ಮೇಲೆ ಇಟ್ಟಿದ್ದ ಅಕ್ಕಿಯನ್ನೆಲ್ಲ ಕೆರೆಗೆ ಉಣ್ಣಿಸಿ ಬಂದಿತು. ಅಕ್ಕಿ ಇಟ್ಟು ನೋಡುವ ಉಪಾಯ ನಾಗಲಿಂಗಮ್ಮನದು. ಯಾವ ದೋಣಿ ಹಾಕಿದ ಅಕ್ಕಿಯನ್ನು ಹಾಕಿದ ಹಾಗೇ ತಿರುಗಿ ತರುತ್ತದೋ ಅದು ಗಂಗವ್ವನ ದೋಣಿ.

"ಭೇಷ್ ಅಮ್ಮಾ! ಇಂಥಾ ಪರೀಕ್ಷಾ ನನಗೂ ಹೊಳದಿರ್ಲಿಲ್ಲ!" ಎಂದ ಪ್ರವೀಣಕುಮಾರ್.

ಮೂರನೆಯದು ಕೆಂಪು. ತಳ ಹಾರೆಯಂತೆ ಚೂಪು, ಆಳ. ಬ್ಯಾಟರಿಯೆಲ್ಲ ಅಡಿಯಲ್ಲಿ, ಅದರ ಕೆಳಗೆ ಸೀಸದ ಪಟ್ಟಿ. ಅಟ್ಟದ ಮೇಲೆ ಎತ್ತರದ ಅಂಚಿನ ತಟ್ಟೆ ಕೂಡಿಸಿದ್ದ. ಅದನ್ನು ನೀರಿಗೆ ಬಿಡುವಾಗ ಅವನ ದನಿ ತಗ್ಗಿತು. "ಇದನ್ನ ಕಟ್ಟಾಕ ನನಗ ಎರಡು ಮಳಿಗಾಲ ಹಿಡೀತ್ರಿ. ಖರೇ ಒರಟು ನೀರು ಇದು ಇನ್ನೂ ಕಂಡಿಲ್ಲ. ಈ ಕೆರಿ ಇದಕ್ಕ ತೊಟ್ಟಿಲು ಇದ್ದಂಗ."

ಗಾಳಿ ಬೀಸಿತು. ಕೆಂಪು ದೋಣಿ ಅಲೆಯನ್ನು ಹಾರಲಿಲ್ಲ, ಸೀಳಿತು. ವಾಲಿತು, ಮತ್ತೆ ನೆಟ್ಟಗಾಯಿತು. ಮತ್ತೆ ವಾಲಿತು, ಮತ್ತೆ ನೆಟ್ಟಗಾಯಿತು. ಹುಲುಗೇಶ ಏರಿಯ ಮೇಲೆ ಓಡುತ್ತ ಕ್ರಿಕೆಟ್ ಕಾಮೆಂಟರಿ ಶುರು ಮಾಡಿಬಿಟ್ಟಿದ್ದ. ದಡಕ್ಕೆ ಬಂದಾಗ ಮೂವರೂ ತಟ್ಟೆಯ ಮೇಲೆ ತಲೆಗೆ ತಲೆ ತಾಗುವಂತೆ ಬಗ್ಗಿದರು. ಒಂದು ಕಾಳೂ ಚೆಲ್ಲಿರಲಿಲ್ಲ.

"ಇದ!" ಎಂದಳು ನಾಗಲಿಂಗಮ್ಮ. ಅವಳ ಕಣ್ಣಲ್ಲಿ ನೀರಿತ್ತು. ಕೆರೆಯದೋ ಅವಳದೋ ಕೇಳುವ ಧೈರ್ಯ ಹುಲುಗೇಶನಿಗಾಗಲಿಲ್ಲ.

ಇನ್ನು ನಡೆಸುವುದನ್ನು ಕಲಿಯಬೇಕಿತ್ತು, ಅವಳೇ. ರಿಮೋಟಿನ ಎಡಗೈ ಕಡ್ಡಿ ವೇಗಕ್ಕೆ, ಬಲಗೈ ಕಡ್ಡಿ ತಿರುವಿಗೆ. ದೋಣಿ ದೂರ ಹೋಗುವವರೆಗೆ ಎಲ್ಲ ಸಲೀಸು. ತಿರುಗಿ ಬರುವಾಗ ಬಲಕ್ಕೆ ಒತ್ತಿದರೆ ಎಡಕ್ಕೆ ಬರುತ್ತಿತ್ತು.

"ಇದೇನ್ ಮೊಂಡ ಐತೋ ಹುಲುಗಾ!"

"ಅದು ನಮ್ಮ ಕಡಿ ಮಕ ಮಾಡೇತಿ ಅತ್ತೀ. ಅದರ ಬಲ ನಮಗ ಎಡ."

"ಹರಿಗೋಲಿಗೆ ಇಂಥಾ ಮಕ, ಬೆನ್ನು ಒಂದೂ ಇಲ್ಲಪ್ಪ. ದುಂಡಗ, ದೇವರ ಹಂಗ." ಸ್ವಲ್ಪ ಯೋಚಿಸಿದಳು. ಆಮೇಲೆ ದೋಣಿಯ ಹಾಗೆಯೇ ತಾನೂ ಕೆರೆಗೆ ಬೆನ್ನು ತಿರುಗಿಸಿ ನಿಂತು, ಹೆಗಲ ಮೇಲಿಂದ ಕತ್ತು ಹೊರಳಿಸಿ ನೋಡುತ್ತ ನಡೆಸಿದಳು. ದೋಣಿ ನೆಟ್ಟಗೆ ಅವಳ ಹಿಮ್ಮಡಿಗೆ ಬಂದು ಮುಟ್ಟಿತು.

ಬಸ್ಸಿನಲ್ಲಿ ಕೆಂಪು ದೋಣಿ ಹುಲುಗೇಶನ ತೊಡೆಯ ಮೇಲೆ ಕೂತಿತ್ತು. "ಹಡಗಲಿ ಮೂರು, ಹಡಗಿಗೊಂದು!" ಎಂದು ಅವನು ಕಂಡಕ್ಟರನಿಗೆ ಕಂಡಕ್ಟರನದೇ ಗಂಟಲಿನಲ್ಲಿ ಕೂಗಿದಾಗ ಬಸ್ಸೆಲ್ಲ ನಕ್ಕಿತು. ತಮಾಷೆಗೆ ಜೊತೆಗೆ ಹೊರಟಿದ್ದ ಪ್ರವೀಣಕುಮಾರ್ ಊರು ಬರುವವರೆಗೆ ದೋಣಿಯ ಮೇಲಿನ ಧೂಳು ಒರೆಸುತ್ತಲೇ ಇದ್ದ.

ಸೋಮವಾರ ಹೊಳೆದಂಡೆಗೆ ಊರೇ ಬಂದಿತ್ತು. ನೀರು ಕಂದು ಎಮ್ಮೆಗಳ ಹಿಂಡಿನಂತೆ ಒಂದರ ಮೇಲೊಂದು ಏರಿ ನುಗ್ಗುತ್ತಿತ್ತು. ನಾಗಲಿಂಗಮ್ಮನ ಗಂಡ ಎರ್ರೆಪ್ಪನ ಹರಿಗೋಲು ಮರಳ ಮೇಲೆ ಬೋರಲು ಬಿದ್ದಿತ್ತು, ಎರ್ರೆಪ್ಪ ಅದರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. ನಾಗಲಿಂಗಮ್ಮ ಹಸಿರು ಸೀರೆ ಉಟ್ಟು ತಲೆ ತುಂಬ ಸೆರಗು ಹೊದ್ದಿದ್ದಳು. ಹಸಿರು ಕುಪ್ಪಸದ ಕಣದೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಬಳೆ, ಅರಿಷಿಣದ ಕೊಂಬು ಇಟ್ಟು, ಗಂಟು ಹಾಕದೆ ಮಡಚಿ ತಟ್ಟೆಯಲ್ಲಿ ಕೂರಿಸಿದಳು. ದೋಣಿಗೆ ಕುಂಕುಮ ಹಚ್ಚಿದಳು. ಎರ್ರೆಪ್ಪ ಬಂದು ಅದನ್ನು ಕೂಸಿನಂತೆ ಎತ್ತಿ ನೀರಿಗಿಳಿಸಿದ.

"ಹೊಂಟಿತು ನೋಡ್ರೆಪೋ!" ಹುಲುಗೇಶ ತನ್ನದೇ ಮೈಕಿನಲ್ಲಿ ಶುರು ಮಾಡಿದ. "ಮೊದಲನೇ ಅಲಿ, ಸೀಳಿತು! ಎರಡನೇ ಅಲಿ, ಅದೂ ಸೀಳಿತು! ಅತ್ತಿ ಬಲಕ್ಕ ಒತ್ತಿದಳು, ದೋಣಿ ಬಲಕ್ಕ! ಮಾವ ಹುಟ್ಟು ಹಾಕಿದ್ರ ಇಷ್ಟೊತ್ತಿಗೆ ಬೀಡಿ ಹಚ್ಚಿರ್ತಿದ್ದ!"

ಮಂದಿ ಹೋ ಎಂದು ಕೂಗಿತು. ಹೆಂಗಸರು ಒಬ್ಬರ ಹೆಗಲು ಒಬ್ಬರು ಹಿಡಿದು ತುದಿಗಾಲಲ್ಲಿ ನಿಂತರು. ಕೆಂಪು ಚುಕ್ಕೆ ಕಂದು ಗುಡ್ಡಗಳ ನಡುವೆ ಮುಳುಗುತ್ತಿತ್ತು, ಮುಳುಗಿತೆನ್ನುವಷ್ಟರಲ್ಲಿ ಏಳುತ್ತಿತ್ತು. ತಿಪ್ಪೇರುದ್ರಮ್ಮನೇ ಎಲ್ಲರಿಗಿಂತ ಜೋರಾಗಿ "ಹೋಗ್ಲಿ, ಹೋಗ್ಲಿ!" ಎನ್ನುತ್ತಿದ್ದಳು. ಆಮೆಗುಂಡು ಎಂಬ ಬಂಡೆ ಮುಳುಗಿ ನೀರು ಸುಳಿ ಸುತ್ತುವ ಜಾಗದ ಈಚೆಗೆ ಹರಿಗೋಲು ಯಾವಾಗಲೂ ನಿಲ್ಲುತ್ತಿತ್ತು. ಅದೇ ನಡುನೀರು. ದೋಣಿ ಅಲ್ಲಿಗೆ ಮುಟ್ಟಿ, ಹೊಳೆಗೆ ಎದುರಾಗಿ, ಇದ್ದಲ್ಲೇ ಈಜುತ್ತ ನಿಂತಿತು.

"ನಡುನೀರು!" ಎಂದು ಹುಲುಗೇಶ ಕಿರುಚಿದ. ಡೊಳ್ಳಿನವರು ಬಡಿದರು.

ಗಾದೆಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ನೋಡಿ, ಕೆಟ್ಟತನವಿಲ್ಲದೆ, ನಿಜವಾಗಿಯೂ ತಿಳಿಯದವನಂತೆ ಕೇಳಿದ: "ಮುಟ್ಟಿತು ಖರೆ. ಇನ್ನ ಉಡಿ ಬಿಡೋರು ಯಾರು? ಆ ದೋಣಿಗೆ ಕೈ ಎಲ್ಲೈತೋ ಹುಲುಗಾ?"

ಡೊಳ್ಳು ನಿಂತಿತು. ಮೈಕಿನಲ್ಲಿ ಹುಲುಗೇಶನ ಉಸಿರು ಮಾತ್ರ ಊರಿಗೆಲ್ಲ ಕೇಳಿಸಿತು. ಕೆರೆಯ ದಂಡೆಯಲ್ಲಿ ಮೂವರು ಬಗ್ಗಿ ಅಕ್ಕಿ ನೋಡಿ ಹಿಗ್ಗಿದ್ದರು. ಒಂದು ಕಾಳೂ ಚೆಲ್ಲದ ದೋಣಿಯನ್ನೇ ಆರಿಸಿಕೊಂಡಿದ್ದರು. ಗಂಗವ್ವನಿಗೆ ಉಡಿ ತೋರಿಸಿ, ಹಾಗೇ ಮನೆಗೆ ತರುವ ದೋಣಿಯನ್ನು.

"ಮಗುಚ್ರಿ ಅಮ್ಮಾ," ಎಂದ ಪ್ರವೀಣಕುಮಾರ್. "ಜೋರು ಬಿಟ್ಟು ಒಮ್ಮಿಗೇ ತಿರುಗಿಸ್ರಿ."

ಅವಳು ತಿರುಗಿಸಿದಳು. ದೋಣಿ ಪೂರಾ ಒರಗಿತು. ಆಮೇಲೆ, ಅಷ್ಟು ಚೆನ್ನಾಗಿ ಕಟ್ಟಿದ್ದಕ್ಕೆ, ನೆಟ್ಟಗಾಯಿತು. ಎಡಕ್ಕೆ ತಿರುಗಿಸಿದಳು, ನೆಟ್ಟಗಾಯಿತು. ಅಲೆಗೆ ಅಡ್ಡ ನಿಲ್ಲಿಸಿದಳು, ಅಲೆಯೇ ಬೇಸತ್ತು ಹೋಯಿತು. ಯಾರೋ ಕಿಸಕ್ಕೆಂದರು.

"ಬ್ಯಾಟರಿ ಬಾಳ ಹೊತ್ತು ಬರೂದಿಲ್ರಿ," ಎಂದ ಪ್ರವೀಣಕುಮಾರ್. ಅವನ ಮುಖದಲ್ಲಿ ಹೆಮ್ಮೆಯೂ ಇತ್ತು, ಅಳುವೂ ಇತ್ತು.

ನಾಗಲಿಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ದೋಣಿಯ ಮೂತಿ ಮೆಲ್ಲಗೆ ಆಮೆಗುಂಡಿನ ಕಡೆಗೆ ತಿರುಗಿತು.

ಎರ್ರೆಪ್ಪ ಆ ದಿನದ ಮೊದಲ ಮಾತಾಡಿದ: "ಏ, ಆಮೆಗುಂಡಿಗೆ ನಮ್ಮ ಮನಿತನದಾಗ ಯಾರೂ ಹೋಗಿಲ್ಲ."

"ಮಂದಿನ್ನ ಕೂಡಿಸಿಕೊಂಡಿದ್ವಿ, ಅದಕ್ಕ ಹೋಗಿಲ್ಲ. ಇದರಾಗ ಯಾರು ಕುಂತಾರ?" ಎಂದಳು. ಅಂದವಳು ಕಡ್ಡಿಯ ಮೇಲಿನ ಬೆರಳು ತಡೆದು ಪ್ರವೀಣಕುಮಾರನ ಕಡೆ ನೋಡಿದಳು. "ತಮ್ಮಾ, ಅದು ಹಿಡದದ್ದನ್ನ ತಿರುಗಿ ಕೊಡೂದಿಲ್ಲ. ನಿಂದು ಎರಡು ಮಳಿಗಾಲ."

ಪ್ರವೀಣಕುಮಾರ್ ಹೊಳೆ ನೋಡಿದ. ಆಮೇಲೆ ಅವನ ಮುಖ ಒಮ್ಮೆಲೇ ಅರಳಿತು, ಕೌಂಟರ್ ಹಾರಿ ಬಂದ ದಿನದಂತೆ. "ಖರೇ ನೀರು ಅಂದ್ರ ಅದ ಅಲ್ರೀ? ಬಿಡ್ರಿ ಅಮ್ಮಾ, ಬಿಡ್ರಿ! ಪೂರಾ ಬಿಡ್ರಿ!"

ಅವಳು ಎಡಗೈ ಕಡ್ಡಿಯನ್ನು ತುದಿಗೆ ಒತ್ತಿದಳು. ಹುಲುಗೇಶ ಮೈಕು ಕೆಳಗಿಟ್ಟ. ಕೆಂಪು ದೋಣಿ ಸುಳಿಯ ಅಂಚು ಹಿಡಿದು ಒಂದು ಸುತ್ತು ಬಂತು. ಎರಡನೆಯ ಸುತ್ತಿಗೆ ವೇಗ ಹೆಚ್ಚಿತು. ಸುಳಿಯ ಕೆಳಗಿನಿಂದ ಯಾರೋ ಅಂಗೈಯಲ್ಲಿ ಎತ್ತಿದಂತೆ ಅದು ಮೇಲೆದ್ದು, ಒಂದು ಕ್ಷಣ ಪೂರಾ ತಳ ತೋರಿಸಿತು. ನೀರಿನ ಮೇಲೆ ಹಸಿರು ಕಣ ಬಿಚ್ಚಿ ಅಗಲವಾಗಿ ಹರಡಿಕೊಂಡಿತು.

"ಉಧೋ!" ಎಂದು ಮೊದಲು ಕೂಗಿದವಳು ತಿಪ್ಪೇರುದ್ರಮ್ಮ. ಆಮೇಲೆ ದಂಡೆಗೆ ದಂಡೆಯೇ ಕೂಗಿತು. ಡೊಳ್ಳಿಗೆ ಏಟು ಬಿದ್ದವು. ಗಾದೆಪ್ಪ ತಲೆಯ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು ಕೈಮುಗಿದ, ಹೊಳೆಗೋ ಅವಳಿಗೋ. ಹುಲುಗೇಶ ಪ್ರವೀಣಕುಮಾರನನ್ನು ಎತ್ತಿ ಗಿರಗಿರನೆ ತಿರುಗಿಸುತ್ತಿದ್ದ. ಅವನು ತಿರುಗುತ್ತಲೇ "ನೋಡಿದ್ರೇನು ಹೆಂಗ ಎದ್ದು ನಿಂತಿತ್ತು! ನೋಡಿದ್ರೇನು!" ಎಂದು ಕಂಡಕಂಡವರನ್ನು ಕೇಳುತ್ತಿದ್ದ.

ಹಸಿರು ಕಣ ಸುಳಿಯಲ್ಲಿ ಒಳಗೆ ಹೋಯಿತು. ಕೆಂಪು ಬಣ್ಣ ಮತ್ತೆಲ್ಲೂ ಕಾಣಲಿಲ್ಲ.

ನಾಗಲಿಂಗಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಬಗ್ಗಿ ಅವಳ ಒದ್ದೆ ಸೀರೆಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವಳ ಹೆಬ್ಬೆರಳು ಕಡ್ಡಿಯನ್ನು ಇನ್ನೂ ತುದಿಗೇ ಒತ್ತಿ ಹಿಡಿದಿತ್ತು. ಬಹಳ ಹೊತ್ತಿನ ಮೇಲೆ ಬೆರಳು ಸಡಿಲಿಸಿದಳು. ಕಡ್ಡಿ ತಾನಾಗಿ ನಡುವಿಗೆ ಬಂದು ನಿಂತಿತು.