ಏನೂ ಗೊತ್ತಿಲ್ಲದವರ ಕುರ್ಚಿ

ಪುಂಡರೀಕಾಕ್ಷ ಉಪಾಧ್ಯರಿಗೆ ವಿಜ್ಞಾನದ ಗಂಧಗಾಳಿಯೂ ಇಲ್ಲ ಎಂಬುದಕ್ಕೆ ಮೊಹರು ಬಿದ್ದ ಕಾಗದವೇ ಇತ್ತು. ಅದಕ್ಕೆ ಕಟ್ಟು ಹಾಕಿಸಿ ಡೊಂಬಿವಲಿಯ ಮನೆಯಲ್ಲಿ, ಬಾಗಿಲು ತೆಗೆದವರಿಗೆ ಮೊದಲು ಕಾಣುವ ಗೋಡೆಗೆ ತೂಗುಹಾಕಿದ್ದರು.

ಸಂಗತಿ ಇಷ್ಟು. ಉಪಾಧ್ಯರು ಮೂವತ್ತೆಂಟು ವರ್ಷ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಹೋಟೆಲು ನಡೆಸಿದವರು. ಅದರ ಎದುರಿಗೇ, ಮುಚ್ಚಿಹೋದ ಬಿಸ್ಕತ್ತು ಕಾರ್ಖಾನೆಯ ಕಟ್ಟಡದಲ್ಲಿ, ಒಂದು ಸಂಶೋಧನಾ ಸಂಸ್ಥೆ ಬಂತು. ನೆಲಮಹಡಿಯಲ್ಲಿ ಲೇಸರ್ ಭೌತಶಾಸ್ತ್ರ, ಮೇಲೆ ಲಕ್ವದ ವೈದ್ಯಶಾಸ್ತ್ರ, ಅದರ ಮೇಲೆ ಸುಸ್ಥಿರ ಬದುಕಿನ ಅಧ್ಯಯನ. ಈ ಮೂರನ್ನೂ ಯಾಕೆ ಒಂದೆಡೆ ಕಟ್ಟಿಹಾಕಿದರೆಂದರೆ, ಕಟ್ಟಡ ಒಂದೇ ಇತ್ತು. ಕಟ್ಟಿಹಾಕಿದ ಮೇಲೆ ಯಾವ ಸಂಶೋಧನೆಯಾದರೂ ಮೂರು ಮಹಡಿಯನ್ನೂ ಮುಟ್ಟಲೇಬೇಕೆಂದು ನಿಯಮ ಮಾಡಿದರು. ಹಾಗಾಗಿ ಲಕ್ವ ಹೊಡೆದವರ ತಲೆಗೆ ಲೇಸರ್ ಹಿಡಿಯುವುದು, ಆ ಲೇಸರಿಗೆ ಬೇಕಾದ ಕರೆಂಟನ್ನು ಕ್ಯಾಂಟೀನಿನ ತರಕಾರಿ ಸಿಪ್ಪೆಯಿಂದ ತೆಗೆಯುವುದು, ಹೀಗೆ ಕೆಲಸ ಸಾಗಿತ್ತು.

ಮನುಷ್ಯರ ಮೇಲೆ ಪ್ರಯೋಗ ಮಾಡುವ ಮೊದಲು ನೀತಿ ಸಮಿತಿ ಒಪ್ಪಬೇಕು. ಆ ಸಮಿತಿಯಲ್ಲಿ ವಿಜ್ಞಾನ ತಿಳಿಯದ ಒಬ್ಬ ಸಾಮಾನ್ಯ ವ್ಯಕ್ತಿ ಕೂತಿರಲೇಬೇಕು, ಇಲ್ಲದಿದ್ದರೆ ಸಭೆಯೇ ನಡೆಯುವುದಿಲ್ಲ. ಅಂಥವರನ್ನು ಹುಡುಕುತ್ತ ಸಮಿತಿಯ ಅಧ್ಯಕ್ಷರು, ಮೈಸೂರಿನ ನರರೋಗ ತಜ್ಞ ಡಾಕ್ಟರ್ ನಾಗರಾಜ, ಒಂದು ಮಧ್ಯಾಹ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೇಳಿದ್ದರು.

"ಉಪಾಧ್ಯರೇ, ನಿಮಗೆ ಸೈನ್ಸ್ ಏನಾದ್ರೂ ಗೊತ್ತಾ?"

"ಎಂತ ಸೈನ್ಸ್ ಮಾರಾಯ್ರೆ! ಏಳನೇ ಕ್ಲಾಸಿಗೇ ಶಾಲೆ ಬಿಟ್ಟವ ನಾನು."

ಮರುವಾರವೇ ಕಾಗದ ಬಂತು. ಜೀವಮಾನವಿಡೀ ಗೊತ್ತಿಲ್ಲವೆಂದು ಬೈಸಿಕೊಂಡಿದ್ದ ಮನುಷ್ಯನನ್ನು ಅದೇ ಕಾರಣಕ್ಕೆ ಮೆತ್ತನೆಯ ಚಕ್ರದ ಕುರ್ಚಿಯಲ್ಲಿ ಕೂರಿಸಿದರು.

ಏಳು ವರ್ಷ ಅವರು ತಿಂಗಳ ಮೊದಲ ಶನಿವಾರ ಇಸ್ತ್ರಿ ಅಂಗಿ ತೊಟ್ಟು ಲೋಕಲ್ ರೈಲು ಹಿಡಿದು ಬಂದರು. ರೋಗಿಗಳು ಸಹಿ ಮಾಡಬೇಕಾದ ಒಪ್ಪಿಗೆ ಪತ್ರವನ್ನು ಮೊದಲು ಅವರಿಗೆ ಓದಿ ಹೇಳಬೇಕು. ಅವರಿಗೆ ತಿಳಿದರೆ ರೋಗಿಗೂ ತಿಳಿಯುತ್ತದೆಂದು ಲೆಕ್ಕ. ಅವರು ಹುಬ್ಬು ಗಂಟಿಕ್ಕಿದರೆ ಆರು ತಿಂಗಳ ಕೆಲಸ ವಾಪಸು. ಒಮ್ಮೆ ಎಲ್ಲರೂ ತಲೆದೂಗಿದ ಲೇಸರಿನ ಬಗ್ಗೆ ಅವರು "ತಲೆ ಸುಡುದಿಲ್ವಾ?" ಎಂದು ಕೇಳಿದರು. ಲೆಕ್ಕ ಹಾಕಿ ನೋಡಿದರೆ ಸುಡುತ್ತಿತ್ತು. ಮನೆಯಲ್ಲಿ ಹೆಂಡತಿ ಪ್ರಭಾ ಗಂಡನನ್ನು ಪಲ್ಯಕ್ಕೆ ಉಪ್ಪು ಸಾಕೋ ಎಂದೂ ಕೇಳುತ್ತಿರಲಿಲ್ಲ. ಇಲ್ಲಿ ಡಾಕ್ಟರೇಟ್ ಪಡೆದವರು ಬೆವರುತ್ತ "ಅರ್ಥ ಆಯ್ತಾ ಸರ್?" ಎಂದು ಕೇಳುತ್ತಿದ್ದರು. ಆ ಕುರ್ಚಿಯ ಮೇಲೆ ಉಪಾಧ್ಯರಿಗೆ ಪ್ರಾಣವೇ ಇತ್ತು.

ಏಳು ವರ್ಷ ಅರ್ಥ ಮಾಡಿಕೊಳ್ಳುತ್ತ ಕೂತರೆ ಯಾರಿಗಾದರೂ ನಾಲ್ಕಕ್ಷರ ಅಂಟದೆ ಇರುತ್ತದೆಯೇ? ಕಳೆದ ತಿಂಗಳ ಸಭೆಯಲ್ಲಿ ಲೇಸರ್ ವಿಜ್ಞಾನಿ ಸಂಕರ್ಷಣ ಹೊಸ ಯಂತ್ರದ ವಿವರ ಹೇಳುತ್ತಿದ್ದಾಗ ಉಪಾಧ್ಯರ ಬಾಯಿಂದ ಜಾರಿಬಿಟ್ಟಿತು.

"ಇದು ಎಂಟುನೂರ ಹತ್ತು ನ್ಯಾನೊಮೀಟರಿನದ್ದಲ್ವಾ? ಹಾಗಾದ್ರೆ ಬಿಟ್ಟು ಬಿಟ್ಟು ಹೊಡೆಯುದೇ ಒಳ್ಳೇದು."

ಸಮಿತಿಯ ಕಾರ್ಯದರ್ಶಿ ಸಂಯುಕ್ತಾ ಆ ಮಾತನ್ನು ಬರೆದುಕೊಂಡಳು. ನಿಯಮದ ವಿಷಯದಲ್ಲಿ ಅವಳು ಸ್ವಂತ ಅಪ್ಪನನ್ನೂ ಬಿಡುವವಳಲ್ಲ. ಹತ್ತೇ ದಿನದಲ್ಲಿ ನೋಟೀಸು ಬಂತು. ಸದಸ್ಯರ ಅಜ್ಞಾನದ ಬಗ್ಗೆ ಸಂಶಯ ಮೂಡಿರುವುದರಿಂದ ಮುಂದಿನ ಸಭೆಯಲ್ಲಿ ಮೌಖಿಕ ಪರೀಕ್ಷೆ ಇದೆ, ಹತ್ತು ಪ್ರಶ್ನೆ. ನಾಲ್ಕು ಸರಿಯಾದರೆ ಅವರು ತಿಳಿದವರು, ಕುರ್ಚಿ ಬಿಡಬೇಕು. ಒಂದೂ ಸರಿಯಾಗದಿದ್ದರೆ ಬೇಕೆಂದೇ ತಪ್ಪು ಹೇಳಿದವರು, ಅಂದರೆ ಇನ್ನೂ ಹೆಚ್ಚು ತಿಳಿದವರು, ಆಗಲೂ ಬಿಡಬೇಕು.

ಮರೆಯುವುದು ಕಲಿಯುವುದಕ್ಕಿಂತ ಕಷ್ಟವೆಂದು ಉಪಾಧ್ಯರಿಗೆ ತಿಳಿದದ್ದು ಆಗ. ದಿನಕ್ಕೆ ಐದು ಧಾರಾವಾಹಿ ನೋಡಿದರು. ತಪ್ಪು ಉತ್ತರಗಳನ್ನು ಬರೆದು ಬಾಯಿಪಾಠ ಮಾಡಿದರು. ಮೊಮ್ಮಗಳು ಅನಘ ಪ್ರಶ್ನೆ ಕೇಳಿ ತಯಾರಿ ಮಾಡಿಸಿದಳು.

"ಅಜ್ಜಾ, ಫಿರ್ ಸೆ ಸಹಿ ಬೋಲ್ ದಿಯಾ! ಥೋಡಾ ತೋ ಗಲತ್ ಬೋಲೋ ನಾ!" ಎಂದು, ಅಜ್ಜ ಮತ್ತೆ ಸರಿ ಉತ್ತರ ಕೊಟ್ಟಾಗಲೆಲ್ಲ ಹಿಂದಿಯಲ್ಲಿ ರೇಗಿದಳು.

"ಎಂತ ಮಾಡ್ಲಿ ಮಗಾ, ಬಾಯಿಗೆ ಬಂದ್ಬಿಡ್ತದೆ."

ಅಡುಗೆಮನೆಯಿಂದ ಪ್ರಭಾ ಹೇಳಿದರು, "ನಲ್ವತ್ತೈದು ವರ್ಷದಿಂದ ನೋಡ್ತಾ ಇದ್ದೇನೆ, ಇವರಿಗೆ ಏನೂ ಗೊತ್ತಿಲ್ಲ. ಬೇಕಾದ್ರೆ ನಾನೇ ಬಂದು ಸಾಕ್ಷಿ ಹೇಳ್ತೇನೆ." ಹೆಂಡತಿಯ ಸಾಕ್ಷಿ ನಡೆಯುವುದಿಲ್ಲವೆಂದು ಸಂಯುಕ್ತಾ ಫೋನಿನಲ್ಲಿ ತಿಳಿಸಿದಳು.

ಪರೀಕ್ಷೆಯ ದಿನ ಡಾಕ್ಟರ್ ನಾಗರಾಜರೇ ಪ್ರಶ್ನೆ ಕೇಳಲು ಕೂತರು. ಪಕ್ಕದಲ್ಲಿ ಸಂಕರ್ಷಣ, ಸುಸ್ಥಿರ ಬದುಕಿನ ಪ್ರಾಧ್ಯಾಪಕಿ ಜಯಲತಾ, ಅಂಕ ಹಾಕಲು ಸಂಯುಕ್ತಾ.

"ಲೇಸರ್ ಅಂದ್ರೆ ಏನು?"

"ಗಣಪತಿ ಮೆರವಣಿಗೆಯಲ್ಲಿ ಹಸುರು ಬಣ್ಣದ್ದು ಬಿಡ್ತಾರಲ್ಲ, ಅದು."

ಉಪಾಧ್ಯರು ಉಳಿಯಲೆಂದೇ ಎಲ್ಲರ ಆಸೆ, ಸಂಕರ್ಷಣನಿಗೆ ಖುಷಿಯಾಯಿತು. ತಪ್ಪು. ಮುಂದಿನದನ್ನು ಜಯಲತಾ ಕೇಳಿದರು, "ಸುಸ್ಥಿರ ಬದುಕು ಅಂದ್ರೆ?"

"ಅದೆಲ್ಲ ನಂಗೆಂತ ಗೊತ್ತು? ನಮ್ಮನೆಯವಳು ಹಾಲಿನ ಪ್ಯಾಕೆಟು ತೊಳೆದು ಒಣಗಿಸ್ತಾಳೆ, ಅಕ್ಕಿ ತೊಳೆದ ನೀರು ಗಿಡಕ್ಕೆ ಹಾಕ್ತಾಳೆ. ಅಷ್ಟೇ."

"ಅಯ್ಯೋ, ಇದು ಸರಿ ಉತ್ತರ!" ಎಂದು ಜಯಲತಾ ತಲೆ ಚಚ್ಚಿಕೊಂಡರು. ಪ್ರಭಾ ಅವರಿಂದಾಗಿ ಒಂದು ಅಂಕ ಬಿತ್ತು. ಹೀಗೇ ಎಡವುತ್ತ, ಸಾವರಿಸಿಕೊಳ್ಳುತ್ತ ಒಂಬತ್ತು ಪ್ರಶ್ನೆ ಮುಗಿದಾಗ ಮೂರು ಸರಿಯಾಗಿದ್ದವು. ಹತ್ತನೆಯದು ತಪ್ಪಲೇಬೇಕು.

"ಕೊನೇದು," ಎಂದರು ಡಾಕ್ಟರು. "ಒಬ್ಬರಿಗೆ ಲಕ್ವ ಹೊಡೆದಿದೆ ಅಂತ ಹೇಗೆ ಗುರುತಿಸ್ತೀರಿ?"

ಹೊಟ್ಟೆ ಉಬ್ಬರಿಸುತ್ತದೆ, ಅಂಗಾಲು ತುರಿಸುತ್ತದೆ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ ಕೈಯ ಪೆನ್ನು ಬಿತ್ತು. ತುಟಿಯ ಬಲ ಅಂಚು ಕೆಳಗೆ ಜೋತುಬಿತ್ತು. ಏನೋ ಹೇಳಲು ಹೋದರು, ಮಾತು ಕಲಸಿಹೋಯಿತು.

ಸಂಕರ್ಷಣ ಚಪ್ಪಾಳೆ ತಟ್ಟಿದ. ಪಾಠ ಮಾಡುವಾಗ ರೋಗಿಗಳ ಹಾಗೆ ನಡೆದು, ತೊದಲಿ ತೋರಿಸುವುದು ಡಾಕ್ಟರಿಗೆ ಮೊದಲಿನಿಂದಲೂ ಇದ್ದ ಅಭ್ಯಾಸ.

"ಏನ್ ಆ್ಯಕ್ಟಿಂಗ್ ಸರ್! ಮುಖದ ಒಂದೇ ಕಡೆ ಹ್ಯಾಗೆ ಇಳಿಸ್ತೀರಿ?"

"ಉಪಾಧ್ಯ ಸರ್, ಉತ್ತರ ಹೇಳಿ. ಎರಡು ನಿಮಿಷ ಇದೆ," ಎಂದಳು ಸಂಯುಕ್ತಾ.

ಇದು ತಮ್ಮನ್ನು ಬೀಳಿಸಲು ಒಡ್ಡಿದ ಬಲೆಯೇ? ಬಲೆಯಾಗಿದ್ದರೆ ಸುಮ್ಮನಿರಬೇಕು, ಅಂಗಾಲು ಎನ್ನಬೇಕು, ಕುರ್ಚಿ ಉಳಿಯುತ್ತದೆ. ಅವರಿಗೆ ಆ ಕುರ್ಚಿ ಬೇಕಾಗಿತ್ತು, ನಾಚಿಕೆಯಿಲ್ಲದೆ ಬೇಕಾಗಿತ್ತು. ಆದರೆ ಡಾಕ್ಟರ ಕಣ್ಣಿನಲ್ಲಿ ಭಯವಿತ್ತು. ಅದನ್ನು ಯಾರೂ ನಟಿಸಲಾರರು.

"ಡಾಕ್ಟ್ರೇ, ಎರಡೂ ಕೈ ಎತ್ತಿ ನೋಡುವ."

ಎಡಗೈ ಎದ್ದಿತು. ಬಲಗೈ ಮೇಜಿನ ಮೇಲೇ ಉಳಿಯಿತು.

"ಇದು ಲಕ್ವವೇ! ನಾಟಕ ಅಲ್ಲ!" ಉಪಾಧ್ಯರು ಎದ್ದು ನಿಂತರು. "ಗಂಟೆ ಎಷ್ಟು? ಹನ್ನೊಂದು ಇಪ್ಪತ್ತೆರಡು. ಬರ್ಕೊಳ್ಳಿ, ಆಸ್ಪತ್ರೆಯಲ್ಲಿ ಮೊದ್ಲು ಅದನ್ನೇ ಕೇಳ್ತಾರೆ. ಜಯಲತಾ ಮೇಡಂ, ನೀರು ಕುಡಿಸ್ಬೇಡಿ, ಶ್ವಾಸಕೋಶಕ್ಕೆ ಹೋಗ್ತದೆ! ಸಿಟಿ ಸ್ಕ್ಯಾನ್ ಆಗ್ಬೇಕು. ರಕ್ತಸ್ರಾವ ಇಲ್ಲದಿದ್ರೆ ನಾಲ್ಕೂವರೆ ಗಂಟೆಯ ಒಳಗೆ ಕರಗಿಸುವ ಇಂಜೆಕ್ಷನ್."

ಅವರ ಒಂದೊಂದು ಮಾತಿಗೂ ಸಂಯುಕ್ತಾ ಒಂದೊಂದು ಸರಿ ಗುರುತು ಹಾಕಿದಳು. "ಸರ್, ನೀವು ಎಷ್ಟು ಹೇಳ್ತಿದೀರಿ ಅಂತ ಗೊತ್ತಾ? ಅಧ್ಯಕ್ಷರು ಮುಕ್ತಾಯ ಅನ್ನದೆ ಸಭೆ ಬಿಟ್ಟು ಏಳೋ ಹಾಗೂ ಇಲ್ಲ."

"ಅಧ್ಯಕ್ಷರಿಗೆ ಮಾತೇ ನಿಂತಿದೆಯಲ್ಲ ಮಾರಾಯ್ತಿ! ಆಂಬುಲೆನ್ಸಿಗೆ ಫೋನ್ ಮಾಡು!"

"ಎಲೆಕ್ಟ್ರಿಕ್ ಗಾಡಿ ಸಿಗುತ್ತಾ ಕೇಳಿ," ಎಂದು ಜಯಲತಾ ಅಭ್ಯಾಸಬಲದಿಂದ ಹೇಳಿ, ನಾಲಿಗೆ ಕಚ್ಚಿಕೊಂಡರು.

ಶನಿವಾರ ವಿದ್ಯುತ್ ಉಳಿತಾಯವೆಂದು ಲಿಫ್ಟು ಬಂದ್. ಡಾಕ್ಟರನ್ನು ಉಪಾಧ್ಯರ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಭೌತಶಾಸ್ತ್ರ ಒಂದು ಕಡೆ, ಹೋಟೆಲು ಇನ್ನೊಂದು ಕಡೆ ಹಿಡಿದು ಮೆಟ್ಟಿಲಿಳಿಸಿದರು. ಮಾಜಿವಾಡಾದ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸು ಸಿಕ್ಕಿಕೊಂಡು ಹನ್ನೆರಡು ನಿಮಿಷ ಹೋಯಿತು. ಆ ಹನ್ನೆರಡು ನಿಮಿಷವೂ ಉಪಾಧ್ಯರು ಡಾಕ್ಟರ ಎಡಗೈ ಬಿಡಲಿಲ್ಲ.

ನವಿ ಮುಂಬೈಯಿಂದ ಡಾಕ್ಟರ ಹೆಂಡತಿ ಶಾಂತಮ್ಮ ಓಡಿಬರುವಷ್ಟರಲ್ಲಿ ಸ್ಕ್ಯಾನು ಮುಗಿದಿತ್ತು. ಆಸ್ಪತ್ರೆಯವರು ಅವರ ಕೈಗೆ ಮೂರು ಪುಟದ ಒಪ್ಪಿಗೆ ಪತ್ರ ಕೊಟ್ಟರು. ಶಾಂತಮ್ಮ ಮೊದಲ ಸಾಲು ಓದಿ ಅಳತೊಡಗಿದರು. ಸಂಕರ್ಷಣ ವಿವರಿಸಲು ಹೋಗಿ ರಕ್ತನಾಳದ ವ್ಯಾಸದ ಸಮೀಕರಣಕ್ಕೆ ಇಳಿದ. ಉಪಾಧ್ಯರು ಅವನನ್ನು ಪಕ್ಕಕ್ಕೆ ಸರಿಸಿ ಕೂತರು.

"ನೋಡಿ ಅಮ್ಮ, ತಲೆಯೊಳಗಿನ ಒಂದು ನಾಳದಲ್ಲಿ ರಕ್ತ ಗಟ್ಟಿಯಾಗಿ ಸಿಕ್ಕಿಕೊಂಡಿದೆ. ಅದನ್ನು ಕರಗಿಸ್ಲಿಕ್ಕೆ ಮದ್ದು ಕೊಡ್ತಾರೆ. ಕರಗಿದ್ರೆ ಕೈ, ಮಾತು ವಾಪಸು ಬರ್ಬಹುದು. ನೂರರಲ್ಲಿ ಐದಾರು ಜನಕ್ಕೆ ಒಳಗೇ ರಕ್ತ ಸೋರಿ ಕಷ್ಟ ಹೆಚ್ಚಾಗ್ತದೆ, ಸುಳ್ಳು ಹೇಳುದಿಲ್ಲ. ತಡ ಮಾಡಿದಷ್ಟೂ ಮದ್ದಿನ ಬಲ ಕಮ್ಮಿ."

"ನಿಮ್ಮನೇವ್ರಾಗಿದ್ರೆ ನೀವೇನ್ ಮಾಡ್ತಿದ್ರಿ?"

"ಈಗಲೇ ಸೈ ಹಾಕ್ತಿದ್ದೆ."

ಶಾಂತಮ್ಮ ಸಹಿ ಹಾಕಿದರು.

ಕೆಲವು ಗಂಟೆಗಳ ನಂತರ ಡಾಕ್ಟರ ಬಾಯಿಂದ ಹೆಂಡತಿಯ ಹೆಸರು ತಿಳಿಯುವಂತೆ ಹೊರಟಿತೆಂದು ಸುದ್ದಿ ಬಂತು. ಕಾರಿಡಾರಿನಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ಸಂಯುಕ್ತಾ ಉಪಾಧ್ಯರ ಬಳಿ ಬಂದು ಕಾಲು ಮುಟ್ಟಿ ನಮಸ್ಕರಿಸಿದಳು. ಎದ್ದು ನಿಂತು, "ಸರ್, ಹತ್ತಕ್ಕೆ ಹದಿನೈದು ಆಯ್ತು," ಎಂದಳು.

"ಗೊತ್ತುಂಟು ಮಗಾ," ಎಂದರು ಉಪಾಧ್ಯರು. ಲೋಕಲ್ಲಿನ ಕಿಟಕಿಯ ಪಕ್ಕ ಕೂತಾಗ ಅವರಿಗೆ ಅಳು ಬಂತು. ಡಾಕ್ಟರು ಉಳಿದ ಸಂತೋಷಕ್ಕೆ ಅರ್ಧ, ಕುರ್ಚಿಗೆ ಅರ್ಧ.

ಐದನೆಯ ದಿನ ಅವರು ಡಾಕ್ಟರನ್ನು ನೋಡಲು ಹೋದರು. ಮಾತು ನಿಧಾನವಾಗಿತ್ತು, ಆದರೆ ಇತ್ತು. ಬಲಗೈಗೆ ಇನ್ನೂ ಪೂರ್ತಿ ಬಲ ಬಂದಿರಲಿಲ್ಲ. ಹಾಸಿಗೆಯ ಮೇಲೆ ಒಂದು ಕಾಗದವಿತ್ತು. ಸದಸ್ಯರು ವಿಷಯ ತಿಳಿದವರೆಂದು ಸಾಬೀತಾಗಿರುವುದರಿಂದ ಅವರನ್ನು ಬಿಡುಗಡೆ ಮಾಡಲಾಗಿದೆ. ಕೆಳಗೆ ಅಧ್ಯಕ್ಷರ ಸಹಿಗೆ ಜಾಗ.

"ಸುಮ್ಮನೆ... ಇದ್ದಿದ್ರೆ... ನೀವು ಪಾಸಾಗ್ತಿದ್ರಿ," ಎಂದರು ಡಾಕ್ಟರು. ಅವರ ಕಣ್ಣು ತುಂಬಿತ್ತು.

"ಪಾಸಾಗ್ತಿದ್ದೆ. ಸೈ ಹಾಕ್ಲಿಕ್ಕೆ ನೀವು ಇರ್ತಿರ್ಲಿಲ್ಲ."

ಡಾಕ್ಟರು ಪೆನ್ನನ್ನು ಎಡಗೈಯಲ್ಲಿ ಹಿಡಿದರು. ರೂಢಿಯಿಲ್ಲದ ಕೈ, ಕಾಗದ ಹೊದಿಕೆಯ ಮೇಲೆ ಜಾರಿ ಜಾರಿ ಹೋಯಿತು. ಉಪಾಧ್ಯರು ಹಾಸಿಗೆಯ ಅಂಚಿನಲ್ಲಿ ಕೂತು, ಸಹಿ ಮುಗಿಯುವ ತನಕ ಆ ಕಾಗದವನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿದುಕೊಂಡರು.