ಮಡಚದ ಕಾಲು

ಬಾವಿಯ ಮೆಟ್ಟಿಲಲ್ಲಿ ಜಾರಿ ಮಲಕಾಜಪ್ಪನ ಬಲ ಮೊಣಕಾಲು ಚೂರಾಯಿತು. ಅರವತ್ತು ದಾಟಿದ ಎಲುಬು, ಬೇಗ ಕೂಡುವಂಥದ್ದಲ್ಲ. ಸಂಸ್ಥಾನದ ದವಾಖಾನೆಯ ಹೆಸರೆತ್ತಿದರೆ ಸಾಕು, ಮುದುಕ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕೊನೆಗೆ ಅವನ ತಮ್ಮನ ಮಗ ರಾಚಪ್ಪ, ಹಿಪ್ಪರಗಿಯಿಂದ ಎಲುಬು ಕಟ್ಟುವ ಸಾಬಣ್ಣನನ್ನು ಬನಹಟ್ಟಿಗೆ ಕರೆತಂದ.

ಸಾಬಣ್ಣ ಕಾಲನ್ನು ಒತ್ತಿ ನೋಡಿ, ಬಿದಿರ ದಬ್ಬೆಗಳನ್ನು ಪಕ್ಕಕ್ಕಿಟ್ಟ.

“ಕಾಕಾರ, ಈ ಮಣಕಾಲ ಇನ್ನ ಆಡೂದಿಲ್ರಿ. ನಾ ಹೆಂಗ ಕಟ್ಟತೇನಿ, ಹಂಗ ಕೂಡತೈತಿ. ಮಡಚಿ ಕಟ್ಟಿದ್ರ ಮಗ್ಗದ ಕುಣ್ಯಾಗ ಕಾಲ ಬಿಟ್ಟು ಕುಂದರತೀರಿ. ನೆಟ್ಟಗ ಕಟ್ಟಿದ್ರ ನಡೀತೀರಿ. ಯಾವ್ದು ಬೇಕ ಹೇಳ್ರಿ.”

ಹುಟ್ಟಾ ನೇಕಾರ ಮಗ್ಗವನ್ನೇ ಕೇಳುತ್ತಾನೆಂದು ಎಲ್ಲರೂ ತಿಳಿದಿದ್ದರು. ಆದರೆ ಎದುರು ಕೂತು ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದ ಹೆಂಡತಿ ಶಂಕ್ರೆವ್ವ ಹೋದ ಮೇಲೆ ಆ ಕುಣಿ ಅವನಿಗೆ ಗೋರಿಯ ಹಾಗೇ ಕಂಡಿತ್ತು. ಅವನಿಗೆ ಬೇಕಿದ್ದದ್ದು ಮಂದಿ. ರಬಕವಿಯಲ್ಲಿ ಗೆಳೆಯ ಚನಮಲ್ಲಪ್ಪನಿದ್ದ, ಸೋಮವಾರದ ಭಜನೆಯಿತ್ತು, ಮಠದ ಪ್ರಸಾದದ ಪಂಕ್ತಿಯಿತ್ತು.

“ನೆಟ್ಟಗ ಕಟ್ಟೋ ಮಾರಾಯಾ,” ಎಂದ.

ಕಟ್ಟು ಬಿಚ್ಚಿದ ಮೇಲೆ ಬಡಿಗೆಯೂರಿ ಮಲಕಾಜಪ್ಪ ಖುಷಿಯಿಂದ ರಬಕವಿಗೆ ನಡೆದ. ಚನಮಲ್ಲಪ್ಪ ತಬ್ಬಿಕೊಂಡು ಒಳಗೆ ಕರೆದ. ಆಮೇಲೆ ತಾನೇ ಪೀಕಲಾಟ! ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ಬಲ್ಲವರು. ಈ ಕಾಲಿಗೆ ಯಾವ ಮನೆಯ ಚಾಪೆಯೂ ಸಾಲಲಿಲ್ಲ. ಕೂತರೆ ಪಾದ ನೇರ ಯಾರದಾದರೂ ಮುಖಕ್ಕೆ, ಇಲ್ಲವೇ ದೇವರ ಜಗಲಿಗೆ. ಮಠದಲ್ಲಂತೂ ಚನಮಲ್ಲಪ್ಪನೇ ಕಿವಿಯಲ್ಲಿ ಹೇಳಿದ: “ಅಜ್ಜಾರು ಕುಂತಾರ, ಕಾಲ ಅತ್ತಾಗ ಮಾಡೋ.” ಕಟ್ಟೆಯೇರಿ ಕಾಲು ಇಳಿಬಿಟ್ಟು ಆ ಸ್ವಾಮಿಗಳಿಗಿಂತ ಎತ್ತರದಲ್ಲಿ ಕೂಡುವುದಂತೂ ಉಂಟೇ? ಕಾಲನ್ನು ಗೋಡೆಯ ಕಡೆ ತಿರುಗಿಸಿದರೆ ಮುಖವೂ ಗೋಡೆಯ ಕಡೆಗೇ ತಿರುಗಬೇಕಲ್ಲ! ಹಿಂದೆ ಪಂಕ್ತಿಯಲ್ಲಿ ನಗೆ, ಹರಟೆ, ಸಾರು ಸುರಿಯುವ ಸದ್ದು. ಮುಂದೆ ಸುಣ್ಣ ಬಳಿದ ಗೋಡೆ.

ಮನೆಯಲ್ಲೂ ಅದೇ. ಮಕ್ಕಳು ಆ ಕಾಲಿಗೆ ಎಡವಿ ಬೀಳುತ್ತಾರೆಂದು ರಾಚಪ್ಪನ ಹೆಂಡತಿ ರಾಜವ್ವ ಅವನ ತಾಟನ್ನು ಹೊರಗೆ ಕಟ್ಟೆಗೆ ತರತೊಡಗಿದಳು. ಬಿಸಿ ರೊಟ್ಟಿ, ಬೆಣ್ಣೆ, ಒಂದಕ್ಕೂ ಕಡಿಮೆ ಮಾಡಲಿಲ್ಲ. ಅವಳನ್ನು ಬಯ್ಯಲು ಕಾರಣವೇ ಸಿಗದೆ ಅವನಿಗೆ ಇನ್ನಷ್ಟು ಸಂಕಟವಾಯಿತು.

ಒಂದು ಮುಂಜಾನೆ ಅದೇ ಕಾಲೆಳೆದುಕೊಂಡು ಹಿಪ್ಪರಗಿಗೆ ಹೋಗಿ ಸಾಬಣ್ಣನ ಅಂಗಳದಲ್ಲಿ ನಿಂತ.

“ಸಾಬಣ್ಣಾ, ಇದನ್ನ ಮತ್ತ ಮುರೀಬೇಕು. ಮುರದು ಮಡಚಿ ಕಟ್ಟು.”

ಸಾಬಣ್ಣ ಗಾಬರಿಯಾದ. “ಏನ್ ಮಾತ್ರೀ ಕಾಕಾ! ಈ ವಯಸ್ನ್ಯಾಗ ಮುರದ್ರ ಜೀಂವಾನೇ ಹೋದೀತು. ಮಗ್ಗದ ನೆನಪ ಅಷ್ಟ ಕಾಡಾಕತ್ತೈತೇನ್ರಿ?”

“ಮಗ್ಗಕ್ಕಲ್ಲೋ,” ಎಂದ ಮಲಕಾಜಪ್ಪ. “ಮಂದಿ ಜೋಡಿ ಊಟಕ್ಕ ಕುಂದರಬೇಕಾಗೈತಿ.”